ಕೆಸುವಿನ ಮೂರನೆಯ ನೀರು

ಕೆಸುವಿನ ಎಲೆಯನ್ನು ಮಗುಚಿ ಹಾಕಿದರೆ, ದಂಟು ಬಂದು ಸೇರುವ ಜಾಗದಿಂದ ಮೂರು ದಪ್ಪ ನರಗಳು ಹೊರಡುವುದು ಕಾಣುತ್ತದೆ. ಒಂದು ತುದಿಗೆ, ಎರಡು ಹಿಂದಿನ ಕಿವಿಗಳಿಗೆ. ಚೂರಿಯ ಮೊನೆಯನ್ನು ನರದ ಬುಡಕ್ಕೆ ಓರೆಯಾಗಿ ಇಟ್ಟು, ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು ಎಳೆದರೆ ಅದು ನೂಲಿನ ಹಾಗೆ ಉದ್ದಕ್ಕೆ ಸುಲಿದು ಬರುತ್ತದೆ. ನಡುವೆ ತುಂಡಾದರೆ ಎಲೆ ಬಲಿತಿದೆ ಎಂದು ಅರ್ಥ. ಅದನ್ನು ಬದಿಗಿಡಬೇಕು.

ಆವತ್ತು ಅಮ್ಮ ಅರ್ಧಕ್ಕರ್ಧ ಎಲೆಗಳನ್ನು ಬದಿಗಿಡಿಸಿದಳು. ಅಡುಗೆಮನೆಯ ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದ್ದೆವು. ಬಾಯಿ ಬಿಟ್ಟು ಹೇಳಲಿಲ್ಲ. ತೋರುಬೆರಳನ್ನು ಎಲೆಯ ಮೇಲೆ ಇಟ್ಟು ತಲೆ ಅಲ್ಲಾಡಿಸಿದಳು, ಅಷ್ಟೆ. ಮಾತಾಡಿದರೆ ನೋವಾಗುತ್ತಿತ್ತು. ಉಗುಳು ನುಂಗಿದರೂ ನೋವಾಗುತ್ತಿತ್ತು. ನುಂಗುವ ಮೊದಲು ಎರಡೂ ಕೈಯಲ್ಲಿ ಕುರ್ಚಿಯ ತೋಳು ಹಿಡಿದುಕೊಳ್ಳುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಎದುರು ಕುಳಿತವರಿಗೆ ಅವಳು ಏಳಲು ಹೊರಟಂತೆ ಕಾಣಿಸುತ್ತಿತ್ತು.

ಗಂಟಲಿನ ಗಡ್ಡೆಗೆ ಮಂಗಳೂರಿನ ಆಸ್ಪತ್ರೆಯಲ್ಲಿ ರೇಡಿಯೇಷನ್ ಕೊಟ್ಟಿದ್ದರು. ಅದು ಮುಗಿದ ದಿನ ನಾವು ಎಲ್ಲವೂ ಮುಗಿಯಿತು ಎಂದುಕೊಂಡೆವು. ಬಿ.ಸಿ. ರೋಡಿನಲ್ಲಿ ಕಾರು ನಿಲ್ಲಿಸಿ ಅಪ್ಪ ಚಹಾ ಕುಡಿದರು. ಆದರೆ ಅದರ ಉರಿ ಒಳಗೆ ಉಳಿಯುತ್ತದೆ, ಕೊಡುವುದು ನಿಂತ ಮೇಲೂ ಕೆಲವು ವಾರ ಸುಡುತ್ತಲೇ ಇರುತ್ತದೆ ಎಂಬುದು ನಮಗೆ ಮನೆಗೆ ಬಂದ ಮೇಲೆ ಗೊತ್ತಾಯಿತು. ಅಮ್ಮನ ಊಟ ಮೊದಲು ಗಂಜಿಗೆ ಇಳಿಯಿತು, ಆಮೇಲೆ ಗಂಜಿಯ ತೆಳಿಗೆ, ಆಮೇಲೆ ತೆಳಿಯೂ ಬೇಡವಾಯಿತು. ರಾಗಿಮಣ್ಣಿ ಮಾಡಿದೆ. ಹಾಲಿಗೆ ಡಬ್ಬದ ಪುಡಿ ಕಲಸಿದೆ. ಎಳನೀರು ಬೊಂಡದೊಳಗಿನ ಎಳೆ ಗಂಜಿಯನ್ನು ಮಿಕ್ಸಿಯಲ್ಲಿ ತಿರುವಿದೆ. ಎಲ್ಲದಕ್ಕೂ ಒಂದೇ ಉತ್ತರ.

“ಮಣ್ಣು ತಿಂದ ಹಾಗೆ ಆಗ್ತದೆ ಮಗಾ.”

ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ತುಳುವಿನಲ್ಲಿ ಅವಳು ಆ ಮಾತನ್ನು ಇನ್ನೂ ಚಿಕ್ಕದಾಗಿ ಹೇಳುತ್ತಿದ್ದಳು, ಕೊನೆಯ ಅಕ್ಷರ ಉಸಿರಿನಲ್ಲೇ ಉಳಿದುಹೋಗುತ್ತಿತ್ತು.

ಕಳೆದ ಸಲ ಹೋದಾಗ ಡಾಕ್ಟರು ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಮುಂದಿನ ಸಲ ಬರುವಾಗ ಇದಕ್ಕಿಂತ ಇಳಿದಿದ್ದರೆ ಮೂಗಿನಿಂದ ನಳಿಗೆ ಹಾಕಲೇಬೇಕಾಗುತ್ತದೆ ಎಂದಿದ್ದರು. ಒಳ್ಳೆಯ ಮಾತಿನಲ್ಲೇ ಹೇಳಿದರು. ವಾಪಸು ಬರುವಾಗ, ಮಾಣಿ ಪೇಟೆ ದಾಟಿದ ಮೇಲೆ, ಅಮ್ಮ ಕಿಟಕಿಯ ಕಡೆ ಮುಖ ಮಾಡಿಕೊಂಡು, “ನನಗೆ ಅದು ಬೇಡ” ಎಂದಳು. ಕಬಕ ಬರುವಾಗ ಇನ್ನೊಮ್ಮೆ ಹೇಳಿದಳು.

ಯಾಕೆ ಬೇಡ ಎಂದು ನಾನು ಕೇಳಬೇಕಿರಲಿಲ್ಲ. ಅವಳ ಅಣ್ಣ, ನನ್ನ ಸೋದರಮಾವ, ಕೊನೆಯ ಕಾಲದಲ್ಲಿ ಮೂಗಿನ ನಳಿಗೆಯಲ್ಲೇ ಇದ್ದವರು. ಅವರನ್ನು ನೋಡಿಕೊಂಡದ್ದು ಅಮ್ಮ. ದೊಡ್ಡ ಸಿರಿಂಜಿನಲ್ಲಿ ಗಂಜಿ ತುಂಬಿಸಿ ಮೇಲಕ್ಕೆ ಹಿಡಿದು ನಿಧಾನವಾಗಿ ಇಳಿಸುತ್ತಿದ್ದಳು. ಒಂದು ಚೌತಿಯ ದಿನ ಪಾಯಸವನ್ನು ಸೋಸಿ ಅದರಲ್ಲೇ ಹಾಕಿದಳಂತೆ. ಸ್ವಲ್ಪ ಹೊತ್ತಿನ ಮೇಲೆ ಮಾವ, “ಇವತ್ತು ಚೌತಿ ಅಲ್ವಾ? ಪಾಯಸ ಮಾಡ್ಲಿಲ್ವಾ ನೀನು?” ಎಂದು ಕೇಳಿದರಂತೆ. ಅಮ್ಮ ಇದನ್ನು ಹೇಳಿದ್ದು ಒಂದೇ ಸಲ. ಆಮೇಲೆ ಎದ್ದು ಹೋಗಿ ಬಚ್ಚಲು ತೊಳೆದಳು.

ಇಂಥ ದಿನಗಳಲ್ಲಿ ಒಂದು ಬೆಳಿಗ್ಗೆ ಅವಳಾಗಿಯೇ ಕೇಳಿದಳು.

“ಕೆಸು ಉಂಟಾ?”

ವಾರಗಳಿಂದ ಅವಳು ತಿನ್ನುವ ವಸ್ತುವಿನ ಹೆಸರು ಹೇಳಿರಲಿಲ್ಲ. ನಾನು ಒಲೆಯ ಮೇಲಿದ್ದ ಹಾಲನ್ನು ಮರೆತೆ. ಅದು ಉಕ್ಕಿತು.

ಅಪ್ಪ ಅಂಗಡಿಗೆ ಹೊರಟಿದ್ದರು. ಕಬಕದಲ್ಲಿ ಅವರದು ಪಂಪ್‌ಸೆಟ್ಟಿನ ಮೋಟಾರುಗಳ ಸುಟ್ಟ ತಂತಿ ಬಿಚ್ಚಿ ಹೊಸದು ಸುತ್ತುವ ಕೆಲಸ. ಚಪ್ಪಲಿ ಹಾಕಿಕೊಂಡವರು ಹಾಗೆಯೇ ಒಳಗೆ ಬಂದರು.

“ಕೆಸುವಾ? ಗಂಟಲಿಡೀ ಹುಣ್ಣು ಇರುವವಳಿಗೆ ಕೆಸುವಾ? ನಿಮಗೆ ಇಬ್ಬರಿಗೂ ಮಂಡೆ ಸರಿ ಉಂಟಾ?”

“ಚಪ್ಪಲಿ,” ಎಂದಳು ಅಮ್ಮ.

ಅಪ್ಪ ಚಪ್ಪಲಿ ಬಿಟ್ಟು ಬಂದರು. ಆ ವೇಳೆಗೆ ಅವರ ಸಿಟ್ಟು ಅರ್ಧ ಇಳಿದಿತ್ತು. “ಬಸಳೆ ಮಾಡಲಿ. ಹರಿವೆ ಮಾಡಲಿ. ಮೆತ್ತಗೆ ಇರ್ತದೆ. ಇದೆಂತ ಹಟ?”

“ಅದೆಲ್ಲ ಬರೀ ನೀರು. ಕೆಸುವಿನ ವಾಸನೆ ನೆನಪಾಗ್ತದೆ ನನಗೆ. ಬೇರೆ ಯಾವುದರದ್ದೂ ಆಗುದಿಲ್ಲ.”

ಅಪ್ಪ ನನ್ನ ಮುಖ ನೋಡಿದರು. ನಾನು ರಸಾಯನಶಾಸ್ತ್ರ ಓದಿದವಳು, ಸುಳ್ಯದ ಒಂದು ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುತ್ತೇನೆ, ಆಗ ರಜೆಯಲ್ಲಿದ್ದೆ. ಇಂಥ ಪ್ರಶ್ನೆಗಳು ಮನೆಯಲ್ಲಿ ನನ್ನ ಕಡೆ ತಿರುಗುತ್ತವೆ.

ಉತ್ತರ ನನಗೆ ಗೊತ್ತಿತ್ತು, ಅದರಿಂದ ಏನೂ ಪ್ರಯೋಜನ ಇರಲಿಲ್ಲ. ಕೆಸುವಿನ ಎಲೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ, ಸೂಜಿಯಂಥ ಹರಳುಗಳಿವೆ. ನಾಲಿಗೆಗೆ, ಗಂಟಲಿಗೆ ಚುಚ್ಚುವುದು ಅವು. ಅದಕ್ಕಾಗಿಯೇ ನಮ್ಮ ಕಡೆ ಹುಳಿ ಇಲ್ಲದೆ ಯಾರೂ ಕೆಸು ಬೇಯಿಸುವುದಿಲ್ಲ. ಹುಣಸೆ, ಇಲ್ಲವೇ ಅಂಬಟೆ, ಇಲ್ಲವೇ ಬಿಂಬುಳಿ, ಒಂದು ಇರಲೇಬೇಕು. ಆದರೆ ಅಮ್ಮನ ಗಂಟಲಿಗೆ ನೀರು ಮಜ್ಜಿಗೆಯ ಹುಳಿಯೂ ಬೆಂಕಿಯಾಗಿತ್ತು. ಹುಳಿ ಹಾಕಿದರೆ ಹುಳಿ ಸುಡುತ್ತದೆ, ಹಾಕದಿದ್ದರೆ ಕೆಸು ಚುಚ್ಚುತ್ತದೆ. ಇದಕ್ಕೆ ನಡುವಿನ ದಾರಿ ನನ್ನ ಪುಸ್ತಕದಲ್ಲಿ ಇರಲಿಲ್ಲ.

“ಜಾಸ್ತಿ ಬೇಯಿಸಿ ನೋಡ್ತೇನೆ,” ಎಂದೆ.

ಬಚ್ಚಲಿನ ನೀರು ಹರಿದುಹೋಗುವ ಕಣಿಯ ಬದಿಯಲ್ಲಿ ನಮ್ಮ ಕೆಸು ಬೆಳೆಯುತ್ತದೆ. ಯಾರೂ ನೆಟ್ಟದ್ದಲ್ಲ. ಅಲ್ಲಿಂದ ಕೊಯ್ದು ತಂದ ಎಲೆಗಳನ್ನೇ ಅಮ್ಮ ಆವತ್ತು ಬೆರಳಿಟ್ಟು ಆರಿಸಿದ್ದು. ಎಲೆಯ ಮೇಲೆ ನೀರು ನಿಲ್ಲುವುದಿಲ್ಲವಾದ್ದರಿಂದ ತೊಳೆಯುವುದು ಸುಲಭ, ತೊಳೆದದ್ದು ಗೊತ್ತಾಗುವುದು ಕಷ್ಟ. ಎರಡೂ ಬದಿ ಅಂಗೈಯಲ್ಲಿ ಉಜ್ಜಬೇಕು. ಆಮೇಲೆ ಎರಡೆರಡು ಎಲೆ ಜೋಡಿಸಿ, ಸುರುಳಿ ಸುತ್ತಿ, ಆ ಸುರುಳಿಯನ್ನೇ ಹಗ್ಗದ ಹಾಗೆ ಹಿಡಿದು ಒಂದು ಗಂಟು ಹಾಕುವುದು. ಗಂಟು ಹಾಕಿದ ಕೆಸು ಬೆಂದರೂ ಕಲಸಿಹೋಗುವುದಿಲ್ಲ, ಬಾಯಿಗಿಟ್ಟರೆ ಮಾತ್ರ ಬಿಚ್ಚಿಕೊಳ್ಳುತ್ತದೆ. ಅಮ್ಮನ ಗಂಟುಗಳು ಒಂದೇ ಅಳತೆಯವು. ನನ್ನವು ಹಾಗಲ್ಲ.

ಕೆಸು ಮಾಡುವಾಗ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಉಂಟು. ಅಮ್ಮನಿಗೆ ಅದು ಅವಳ ತವರಿನಿಂದ ಬಂದದ್ದು, ಮಂಡೆಕೋಲಿನಿಂದ. ಎಲೆ ಮನೆಯ ಒಳಗೆ ಬಂದಲ್ಲಿಂದ, ಬೆಂದು, ಉಂಡು, ಪಾತ್ರೆ ತೊಳೆದು ಕವುಚಿ ಹಾಕುವವರೆಗೆ ಯಾರೂ ‘ತುರಿಸುತ್ತದೆ’ ಎಂಬ ಮಾತನ್ನು ಆಡಬಾರದು. ಆಡಿದರೆ ತುರಿಸುತ್ತದೆ. ಆಡದಿದ್ದರೆ ಇಲ್ಲ. ಚಿಕ್ಕಮ್ಮನ ಗಂಡ, ಹೊಸ ಅಳಿಯನಾಗಿ ಮೊದಲ ಸಲ ಊಟಕ್ಕೆ ಕುಳಿತಾಗ, ಎಲೆಗೆ ಬಿದ್ದ ಗಂಟನ್ನು ನೋಡಿ ಮರ್ಯಾದೆಯಿಂದಲೇ, “ಇದು ತುರಿಸುದಿಲ್ವಾ ಅತ್ತೆ?” ಎಂದು ಕೇಳಿಬಿಟ್ಟರಂತೆ. ಪಂಕ್ತಿಯಲ್ಲಿದ್ದವರೆಲ್ಲ ಕೈ ನಿಲ್ಲಿಸಿದರು. ಆವತ್ತು ಎಲ್ಲರ ಬಾಯಿಯೂ ತುರಿಸಿತು. ಆಮೇಲೆಲ್ಲ ಚಿಕ್ಕಪ್ಪ ಬರುತ್ತಾರೆಂದರೆ ಅಮ್ಮ, “ಕೆಸು ಮಾಡುದಿಲ್ಲ ಇವತ್ತು, ತಂಗಿಯ ಗಂಡನೇ ಬರ್ತಿದ್ದಾರೆ, ಅಷ್ಟು ಸಾಕು” ಎನ್ನುತ್ತಿದ್ದಳು. ನಾನು ಇದನ್ನು ನಂಬುತ್ತಿದ್ದೆನೋ ಇಲ್ಲವೋ, ಪಾಲಿಸುತ್ತಿದ್ದೆ. ಹುಟ್ಟಿದಾಗಿನಿಂದ ಆಡದ ಮಾತು ನಾಲಿಗೆಗೆ ತಾನಾಗಿ ಬರುವುದಿಲ್ಲ.

ಹುಳಿ ಹಾಕಲಿಲ್ಲ. ಕುಕ್ಕರಿನಲ್ಲಿ ಸೀಟಿ ಲೆಕ್ಕ ಮಾಡದೆ ಬೇಯಿಸಿದೆ. ಮೆಣಸಿಲ್ಲ, ಕೊತ್ತಂಬರಿ ಇಲ್ಲ, ಒಗ್ಗರಣೆ ಇಲ್ಲ. ದಪ್ಪ ಕಾಯಿಹಾಲು ಹಿಂಡಿ, ಕಲ್ಲುಪ್ಪು ಹಾಕಿ, ಚಮಚದ ಹಿಂಬದಿಯಲ್ಲಿ ಗಂಟುಗಳನ್ನು ಒತ್ತಿದರೆ ಬೆಣ್ಣೆಯ ಹಾಗೆ ಒಡೆದವು. ನಾನು ಮೊದಲು ತಿಂದೆ. ಏನೂ ಆಗಲಿಲ್ಲ. ಅಪ್ಪ ತಿಂದರು. “ಲಾಯ್ಕ ಉಂಟು,” ಎಂದರು, ಸ್ವಲ್ಪ ಸೋತ ಧ್ವನಿಯಲ್ಲಿ.

ಅಮ್ಮ ಮೊದಲ ಚಮಚ ನುಂಗಿದಳು. ಕುರ್ಚಿಯ ತೋಳು ಹಿಡಿದಳು, ಬಿಟ್ಟಳು. ಎರಡನೆಯದು ನುಂಗಿದಳು. ಮೂರನೆಯದಕ್ಕೆ ತಾನೇ ಬಾಯಿ ತೆರೆದಳು. ಬಟ್ಟಲಿನ ಅರ್ಧ ಖಾಲಿಯಾಯಿತು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅದರಲ್ಲಿ ನೋವು ಇತ್ತು, ಆದರೆ ನೋವು ನೀರು ಕುಡಿಯುವಾಗಲೂ ಇರುತ್ತಿತ್ತು. ನಾನು ಚಿಕ್ಕಮ್ಮನಿಗೆ ಫೋನ್ ಮಾಡಿ, “ಅಮ್ಮ ಉಂಡಳು” ಎಂದು ಹೇಳಿದೆ. ಚಿಕ್ಕಮ್ಮ ಆ ಕಡೆಯಿಂದ ಅತ್ತರು. ಅಪ್ಪ ಆವತ್ತು ಅಂಗಡಿಗೆ ಶಿಳ್ಳೆ ಹಾಕಿಕೊಂಡು ಹೋದರು. ಅವರಿಗೆ ಶಿಳ್ಳೆ ಬರುತ್ತದೆ ಎಂಬುದನ್ನೇ ನಾನು ಮರೆತಿದ್ದೆ.

ಮಧ್ಯಾಹ್ನದ ಮೇಲೆ ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಕರೆದರೆ ತಿರುಗಲಿಲ್ಲ. ಹತ್ತಿರ ಹೋಗಿ ನೋಡಿದರೆ ದಿಂಬಿನ ಮೇಲೆ ಹಾಸಿದ್ದ ಬಟ್ಟೆ ಒದ್ದೆಯಾಗಿತ್ತು. ಉಗುಳು ನುಂಗಲಾರದೆ ಬಾಯಿಯ ಮೂಲೆಯಿಂದ ಹರಿಯಲು ಬಿಟ್ಟಿದ್ದಳು. ತುಟಿ ಬಾತಿತ್ತು. ನೀರು ಹನಿಸಿದರೆ ಅದೂ ಹೊರಗೆ ಬಂತು. ಅಪ್ಪ ಓಡಿ ಬಂದರು. ಪುತ್ತೂರಿನಲ್ಲಿ ನಮ್ಮ ಪರಿಚಯದ ಡಾಕ್ಟರಲ್ಲಿಗೆ ಕರೆದುಕೊಂಡು ಹೋಗಿ ಇಂಜೆಕ್ಷನ್ ಕೊಡಿಸಿ, ಒಂದು ಬಾಟಲಿ ಗ್ಲೂಕೋಸ್ ಏರಿಸಿ ವಾಪಸು ತಂದೆವು. ಉಸಿರಾಟಕ್ಕೆ ತೊಂದರೆ ಆಗದೇ ಇದ್ದದ್ದು ದೊಡ್ಡದು ಎಂದರು ಅವರು.

ಮನೆಗೆ ಬಂದವರೇ ಅಪ್ಪ ಅಡುಗೆಮನೆಗೆ ಹೋಗಿ, ಉಳಿದಿದ್ದ ಕೆಸುವನ್ನು ಪಾತ್ರೆ ಸಮೇತ ಎತ್ತಿಕೊಂಡು ಹೋಗಿ ಬಾಳೆಯ ಬುಡಕ್ಕೆ ಸುರಿದರು. ಕುಕ್ಕರಿನ ಮುಚ್ಚಳ ಕಲ್ಲಿಗೆ ಬಡಿದು ಉರುಳಿ ಹೋದ ಸದ್ದು ಕೇಳಿಸಿತು. ಅವರು ಅದನ್ನು ಹೆಕ್ಕಲಿಲ್ಲ. ಕತ್ತಿ ತೆಗೆದುಕೊಂಡು ಹೋಗಿ ಕಣಿಯ ಬದಿಯ ಕೆಸುವನ್ನೆಲ್ಲ ಕಡಿದರು. ನನಗೆ ಒಂದು ಮಾತೂ ಹೇಳಲಿಲ್ಲ. ಹೇಳಿದ್ದರೆ ಸುಲಭವಾಗುತ್ತಿತ್ತು.

ಮರುದಿನ ಬಾವು ಸ್ವಲ್ಪ ಇಳಿದ ಮೇಲೆ ನಾನು ಅಮ್ಮನ ಹತ್ತಿರ ಕೇಳಿದೆ. “ಮೊದಲ ಚಮಚಕ್ಕೇ ಗೊತ್ತಾಗ್ಲಿಲ್ವಾ ನಿನಗೆ?”

“ಗೊತ್ತಾಯ್ತು.”

“ಮತ್ತೆ ಹೇಳ್ಲಿಲ್ಲ ಯಾಕೆ?”

ಅವಳು ನನ್ನನ್ನು ನೋಡಿದ ರೀತಿಯಲ್ಲಿ, ಇಷ್ಟೂ ಗೊತ್ತಿಲ್ಲವೇ ಎಂಬ ಆಶ್ಚರ್ಯ ಇತ್ತು.

“ಪಾತ್ರೆಯಲ್ಲಿ ಇನ್ನೂ ಇತ್ತಲ್ಲ, ಆ ಮಾತು ಹೇಗೆ ಆಡುದು?” ಎಂದಳು.

ನನ್ನ ಬಾಯಿಗೆ ಏನೂ ಆಗದೇ ಇದ್ದದ್ದು ಸಹಜ. ನನ್ನ ಬಾಯಿಯೊಳಗೆ ಚರ್ಮ ಇತ್ತು. ಅವಳ ಗಂಟಲಿನಲ್ಲಿ ಅದು ಸುಟ್ಟುಹೋಗಿತ್ತು. ನಾನೂ ಅಪ್ಪನೂ ಎಷ್ಟು ರುಚಿ ನೋಡಿದರೂ ಅವಳಿಗೆ ಆಗುವುದು ನಮಗೆ ಗೊತ್ತಾಗುವಂತಿರಲಿಲ್ಲ. ಅದನ್ನು ಹೇಳಬಲ್ಲವಳು ಅವಳೊಬ್ಬಳೇ. ಅವಳು ಹೇಳುವುದಿಲ್ಲ.

ಆಸ್ಪತ್ರೆಗೆ ಹೋಗುವ ದಿನ ಹತ್ತಿರ ಬಂತು. ಅಮ್ಮ ಆಮೇಲೆ ಏನನ್ನೂ ಕೇಳಲಿಲ್ಲ. ಡ್ರಾಪರಿನಲ್ಲಿ ತೆಳಿ ಹನಿಸುತ್ತಿದ್ದೆ. ಅವಳ ಬಳೆಗಳು ಮೊಣಕೈಯವರೆಗೆ ಜಾರುತ್ತಿದ್ದವು, ಅಪ್ಪ ಅವನ್ನು ತೆಗೆದಿಡು ಎಂದರೂ ತೆಗೆಯಲಿಲ್ಲ. ನಾನು ಹಗಲು ಹೊತ್ತಿನಲ್ಲೇ ಬಚ್ಚಲಿನಲ್ಲಿ ನಲ್ಲಿ ಬಿಟ್ಟು ಅಳುತ್ತಿದ್ದೆ. ಯಾರಿಗೂ ಕೇಳಬಾರದಿತ್ತು. ಬಹುಶಃ ಎಲ್ಲರಿಗೂ ಕೇಳುತ್ತಿತ್ತು. ಟ್ಯಾಂಕಿಯ ನೀರು ಯಾಕೆ ಬೇಗ ಖಾಲಿಯಾಗುತ್ತಿದೆ ಎಂದು ಅಪ್ಪ ಒಂದು ಸಲವೂ ಕೇಳಲಿಲ್ಲ.

ಹೋಗುವ ಹಿಂದಿನ ದಿನ ಬೆಳಿಗ್ಗೆ ಚಿಕ್ಕಮ್ಮ ಮಂಡೆಕೋಲಿನಿಂದ ಸುಳ್ಯಕ್ಕೆ ಬಂದು, ಅಲ್ಲಿಂದ ಪುತ್ತೂರು ಬಸ್ಸು ಹತ್ತಿ ಬಂದರು. ಕೈಯಲ್ಲಿ ಒದ್ದೆ ಬಟ್ಟೆಯ ಕಟ್ಟು.

ಅಪ್ಪನಿಗೆ ವಾಸನೆಯಲ್ಲೇ ಗೊತ್ತಾಯಿತೋ ಏನೋ. ಬಾಗಿಲಿಗೆ ಅಡ್ಡ ನಿಂತರು. “ಅದು ಎಂತ?”

“ಮಂಡೆಕೋಲಿನ ತೋಡಿನ ಬದಿಯದ್ದು ಭಾವ, ಹರಿಯುವ ನೀರಿನದ್ದು. ಕಪ್ಪು ದಂಟಿನದ್ದು. ಇನ್ನೂ ಬಿಚ್ಚದ ಕುಡಿಗಳು ಮಾತ್ರ. ನಿಮ್ಮ ಬಚ್ಚಲಿನ ನೀರು ಕುಡಿದದ್ದಲ್ಲ.”

“ಒಳಗೆ ತರುದು ಬೇಡ.”

“ಹಾಗಾದ್ರೆ ನಾನೂ ಬರುದು ಬೇಡವಾ?”

“ನೀನು ಬಾ. ಅದು ಬೇಡ.”

“ನಾನು ಅದನ್ನು ಬಿಟ್ಟು ಬರುದಿಲ್ಲ ಮಾರಾಯ್ರೆ. ಬಸ್ಸಿನಲ್ಲಿ ಮಡಿಲಲ್ಲಿ ಮಗು ಕೂರಿಸಿದ ಹಾಗೆ ಕೂರಿಸಿ ತಂದಿದ್ದೇನೆ. ಕಂಡಕ್ಟರ್ ಅರ್ಧ ಟಿಕೆಟ್ ಕೊಡ್ಬೇಕಾ ಅಂತ ಕೇಳಿದ.”

ಒಳಗಿನಿಂದ ಅಮ್ಮ ಮಂಚದ ಪಟ್ಟಿಗೆ ಬೆರಳಿನಿಂದ ಬಡಿದಳು. ಅದು ಅವಳು ಕರೆಯುವ ರೀತಿ. ಹೋಗಿ ನಿಂತೆವು. ಅವಳು ಮೂವರನ್ನೂ ನೋಡಿ, ಕೊನೆಗೆ ನನ್ನನ್ನು ನೋಡಿ ಹೇಳಿದಳು:

“ನಾಳೆ ಹೇಗೂ ಹಾಕ್ತಾರೆ. ಒಮ್ಮೆ ಬಾಯಿಯಲ್ಲಿ ತಿಂದು ಹೋಗ್ತೇನೆ.”

ಅಪ್ಪ ಹೊರಗೆ ಹೋಗಿ ಜಗಲಿಯಲ್ಲಿ ಕುಳಿತರು. ನನಗೆ ಮಾಡುವ ಧೈರ್ಯ ಇರಲಿಲ್ಲ, ಮಾಡುವುದಿಲ್ಲ ಎನ್ನುವ ಧೈರ್ಯವೂ ಇರಲಿಲ್ಲ. ಕುಡಿಗಳನ್ನು ನೆರಳಿನಲ್ಲಿ ಹರಡಿ ಬಾಡಲು ಬಿಟ್ಟು, ಅವು ಬಾಡುವವರೆಗೆ ಯೋಚಿಸಿದೆ. ಹುಳಿ ಬೇಕಾದದ್ದು ಎಲೆಗೆ, ಅಮ್ಮನಿಗಲ್ಲ. ಎಲೆ ಬೇಯುವಾಗ ಹುಳಿ ಇದ್ದರೆ ಸಾಕು, ತಿನ್ನುವಾಗ ಇರಬೇಕಾಗಿಲ್ಲ. ನಮ್ಮಲ್ಲಿ ಕೆಸು ಬೇಯಿಸಿದ ನೀರನ್ನು ಯಾರೂ ಚೆಲ್ಲುವುದಿಲ್ಲ, ರುಚಿ ಇರುವುದೇ ಅದರಲ್ಲಿ ಎನ್ನುತ್ತಾರೆ. ಚೆಲ್ಲಿದರೆ ಆಯಿತು.

ಹಿಂಬದಿಯ ಮನೆಯವರ ಬಿಂಬುಳಿ ಮರದಿಂದ ಕಾಯಿ ಕೊಯ್ದು ತಂದೆ. ನರ ತೆಗೆದ ಕುಡಿಗಳನ್ನು ಗಂಟು ಹಾಕಿ, ಬಿಂಬುಳಿ ಸೀಳಿ ಹಾಕಿ, ತೆರೆದ ಪಾತ್ರೆಯಲ್ಲಿ ಕುದಿಸಿದೆ. ಹಸಿರು ಬಣ್ಣ ಹೋಗಿ ಪಾಚಿಯ ಬಣ್ಣಕ್ಕೆ ತಿರುಗಿದ ಮೇಲೆ ನೀರು ಬಸಿದೆ. ಚಿಕ್ಕಮ್ಮ ನನ್ನ ಕೈ ಹಿಡಿಯಲು ಬಂದರು.

“ಎಂತ ಮಾಡ್ತಿದ್ದಿ ಮಾರಾಯ್ತಿ? ಸಾರವೆಲ್ಲ ಹೋಯ್ತಲ್ಲ!”

ಬಿಂಬುಳಿಯ ಹೋಳುಗಳನ್ನು ಹೆಕ್ಕಿ ಬಿಸಾಡಿದೆ. ಹೊಸ ನೀರು ಇಟ್ಟು ಮತ್ತೆ ಕುದಿಸಿದೆ. ಅದನ್ನೂ ಚೆಲ್ಲಿದೆ. ಕಾಯಿಹಾಲಿನಲ್ಲಿ ಒಂದು ಕುದಿ ತಂದು, ಚಹಾದ ಜಾಲರಿಯಲ್ಲಿ ಒತ್ತಿ ಇಳಿಸಿದೆ. ನಾರು ಮೇಲೆ ಉಳಿಯಿತು. ಕೆಳಗೆ ಬಂದದ್ದು ಗಟ್ಟಿ ಮೊಸರಿನಷ್ಟು ನುಣುಪಾಗಿತ್ತು.

ಅಮ್ಮ ಕುರ್ಚಿಗೆ ಬಂದು ಕುಳಿತಿದ್ದಳು. ಅಪ್ಪ ಬಾಗಿಲ ಹೊರಗೆ ನಿಂತಿದ್ದರು, ಬರುವುದೂ ಇಲ್ಲ, ಹೋಗುವುದೂ ಇಲ್ಲ ಎಂಬ ಹಾಗೆ. ಬಟ್ಟಲಿಗೆ ಹಾಕಿದೆ. ಚಮಚ ತೆಗೆದುಕೊಂಡೆ. ಕೊಡಲು ಕೈ ಏಳಲಿಲ್ಲ. ಅವಳು ಮತ್ತೆ ಸುಮ್ಮನೆ ನುಂಗುತ್ತಾಳೆ, ಬಟ್ಟಲು ಖಾಲಿಯಾಗುವವರೆಗೆ ನುಂಗುತ್ತಾಳೆ, ನಾವು ಸಂತೋಷಪಡುತ್ತೇವೆ. ನನಗೆ ಅದರಷ್ಟು ಹೆದರಿಕೆ ಬೇರೆ ಯಾವುದರದ್ದೂ ಇರಲಿಲ್ಲ.

ನಾನು ಬಟ್ಟಲನ್ನು ಕೆಳಗಿಟ್ಟು, ಒಲೆಯ ಮೇಲಿದ್ದ ಪಾತ್ರೆಯ ಕಡೆ ತಿರುಗಿ ಹೇಳಿದೆ.

“ತುರಿಸುತ್ತದೆ.”

ನಾನು ಗಟ್ಟಿಯಾಗಿ ಮಾತಾಡುವವಳಲ್ಲ. ಆ ಮಾತು ಅಡುಗೆಮನೆಯಲ್ಲಿ ಬಹಳ ದೊಡ್ಡದಾಗಿ ಕೇಳಿಸಿತು. ಚಿಕ್ಕಮ್ಮ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು.

“ಕೆಸು ತುರಿಸುತ್ತದೆ,” ಎಂದೆ ಇನ್ನೊಮ್ಮೆ. “ಈ ಪಾತ್ರೆಯಲ್ಲಿರುದು ತುರಿಸಬಹುದು.”

“ಅಯ್ಯೋ ದೇವ್ರೆ! ಓದಿ ಓದಿ ಇದರ ಮಂಡೆ ಹಾಳಾಗಿ ಹೋಯ್ತು ಅಕ್ಕ. ನನ್ನ ಗಂಡನಿಗಿಂತ ಕಡೆಯಾಯ್ತು ಇದು!”

“ಚಿಕ್ಕಮ್ಮ, ನೀವೂ ಹೇಳಿ.”

“ನಾನಾ? ನನ್ನ ಬಾಯಿಯಲ್ಲಿ ಬರುದೇ ಇಲ್ಲ ಅದು.”

ಆಗ ಅಪ್ಪ ಒಳಗೆ ಬಂದರು. ಅಂಗಡಿಯಲ್ಲಿ ಹೊಸತಾಗಿ ತಂತಿ ಸುತ್ತಿದ ಮೋಟಾರನ್ನು ಮೊದಲ ಸಲ ಚಾಲೂ ಮಾಡುವಾಗ ನಿಲ್ಲುವ ಹಾಗೆ, ಸ್ವಲ್ಪ ದೂರದಲ್ಲಿ, ಕೈ ಹಿಂದೆ ಕಟ್ಟಿ, ಪಾತ್ರೆಯ ಎದುರು ನಿಂತು ಹೇಳಿದರು: “ತುರಿಸ್ತದೆ. ಖಂಡಿತ ತುರಿಸ್ತದೆ. ಎಂತ ಮಾಡ್ತಿ ಈಗ?”

ಅಮ್ಮನಿಂದ ಒಂದು ಸದ್ದು ಹೊರಟಿತು. ಕೆಮ್ಮು ಎಂದುಕೊಂಡೆ. ನಗು. ನಕ್ಕರೆ ನೋಯುತ್ತಿತ್ತು, ಗಂಟಲನ್ನು ಅಂಗೈಯಲ್ಲಿ ಹಿಡಿದುಕೊಂಡು ನಕ್ಕಳು, ಕಣ್ಣಿನಲ್ಲಿ ನೀರು ಬಂತು, ಯಾವುದರಿಂದ ಎಂದು ನನಗೆ ಹೇಳಲಾಗದು.

“ನಾವು ಹೇಳಿ ಆಯ್ತು,” ಎಂದೆ ಅವಳಿಗೆ. “ಇನ್ನು ಹಾಳಾಗಲಿಕ್ಕೆ ಎಂತದೂ ಉಳಿದಿಲ್ಲ. ತುರಿಸ್ತದಾ ಇಲ್ವಾ ಅಂತ ನೀನು ಹೇಳಿದ್ರೆ ಮಾತ್ರ ನಾನು ಕೊಡುದು.”

ಚಮಚದ ತುದಿಯಲ್ಲಿ ಒಂದಿಷ್ಟು ತೆಗೆದು ಅವಳ ಕೆಳತುಟಿಯ ಒಳಗೆ ಹಚ್ಚಿದೆ. ಕಾದೆವು. ಅಮ್ಮ ಕಣ್ಣು ಮುಚ್ಚಿದ್ದಳು. ಅವಳ ತುಟಿ ಒಂದು ಸಲ ತೆರೆಯಿತು, ಮುಚ್ಚಿತು. ಐವತ್ತು ವರ್ಷ ಆಡದ ಮಾತು ಅದು.

“ತುರಿಸ್ತದೆ,” ಎಂದಳು. “ಒಂಚೂರು.”

ನಾನು ಒದ್ದೆ ಬಟ್ಟೆಯಲ್ಲಿ ಅವಳ ತುಟಿ ಒರೆಸಿದೆ. ಚಿಕ್ಕಮ್ಮ ಗೋಡೆಯ ಕಡೆ ತಿರುಗಿದರು. ಬಟ್ಟಲಿನಲ್ಲಿದ್ದದ್ದನ್ನು ಚೆಲ್ಲಿದೆ. ಕುಡಿಗಳು ಇನ್ನೂ ಒಂದು ಹಿಡಿ ಉಳಿದಿದ್ದವು. ಮೊದಲಿನಿಂದ ಶುರು ಮಾಡಿದೆ. ಬಿಂಬುಳಿಯ ಜೊತೆ ಮೊದಲ ನೀರು, ಎರಡನೆಯ ನೀರು, ಆಮೇಲೆ ಮೂರನೆಯ ನೀರು. ಪಾತ್ರೆಯಲ್ಲಿ ಕೊನೆಗೆ ಉಳಿದದ್ದು ಬಹಳ ಕಡಿಮೆ. ಬಣ್ಣವೂ ಸುಮಾರು. ಅಡುಗೆ ಗೊತ್ತಿರುವ ಯಾರೂ ಅದನ್ನು ಒಳ್ಳೆಯ ಕೆಸು ಎನ್ನಲಾರರು. ಕಾಯಿಹಾಲು, ಉಪ್ಪು, ಜಾಲರಿ. ತುಟಿಗೆ ಹಚ್ಚಿದೆ.

ಅಮ್ಮ ಈ ಸಲ ಹೆಚ್ಚು ಹೊತ್ತು ತೆಗೆದುಕೊಂಡಳು.

“ಇಲ್ಲ,” ಎಂದಳು.

“ನಿಜ ಹೇಳು.”

“ಇಲ್ಲ ಅಂದೆನಲ್ಲ. ಹೇಳಲಿಕ್ಕೆ ಕಲಿಸಿದವಳು ಈಗ ನಂಬುದಿಲ್ವಾ?”

ಒಂದು ಬಟ್ಟಲು. ಸಣ್ಣ ಬಟ್ಟಲೇ, ದೇವರ ಕೋಣೆಯಲ್ಲಿ ಅರಶಿನ ಇಡುವಂಥದ್ದು. ಪ್ರತಿ ಚಮಚಕ್ಕೂ ನಾನು ಕೇಳಿದೆ, ಪ್ರತಿ ಚಮಚಕ್ಕೂ ಅವಳು ಉತ್ತರ ಕೊಟ್ಟಳು. ನೋವು ಇತ್ತು, ಕುರ್ಚಿಯ ತೋಳನ್ನು ಹಿಡಿದೇ ನುಂಗಿದಳು. ಕೊನೆಯಲ್ಲಿ ಖಾಲಿ ಬಟ್ಟಲನ್ನು ಮೂಗಿನ ಹತ್ತಿರ ತಂದುಕೊಂಡು, “ನಮ್ಮ ತೋಡಿನ ವಾಸನೆ ಉಂಟು,” ಎಂದಳು ಚಿಕ್ಕಮ್ಮನಿಗೆ.

ಆವತ್ತು ಬಾವು ಬರಲಿಲ್ಲ. ನಾನು ಗಳಿಗೆಗೊಮ್ಮೆ ಹೋಗಿ ತುಟಿ ನೋಡುತ್ತಿದ್ದೆ. ಮನಸ್ಸಿನಲ್ಲಿ ಒಂದು ಹುಚ್ಚು ಲೆಕ್ಕ ಓಡುತ್ತಿತ್ತು, ಒಂದು ಬಟ್ಟಲು ಹೋಯಿತು, ನಾಳೆ ಯಂತ್ರದ ಮುಳ್ಳು ಸ್ವಲ್ಪ ಆಚೆ ನಿಲ್ಲಬಹುದು. ಒಂದು ಬಟ್ಟಲು ಕೆಸುವಿನಿಂದ ಯಾರ ತೂಕವೂ ಏರುವುದಿಲ್ಲ. ಅದು ನನಗೆ ಗೊತ್ತಿಲ್ಲದ್ದಲ್ಲ.

ಮರುದಿನ ಮಂಗಳೂರಿನಲ್ಲಿ ಮುಳ್ಳು ಕಳೆದ ಸಲಕ್ಕಿಂತ ಬಹಳ ಹಿಂದೆ ನಿಂತಿತು. ನರ್ಸ್ ಒಮ್ಮೆ ಇಳಿಸಿ ಮತ್ತೆ ಹತ್ತಿಸಿದರು. ಅದೇ. ಡಾಕ್ಟರು ಹುಣ್ಣು ಮಾಯುವವರೆಗೆ ನಳಿಗೆ ಬೇಕೇ ಬೇಕು, ಇನ್ನು ಕಾಯಲು ಆಗುವುದಿಲ್ಲ ಎಂದರು. ಅಪ್ಪ ಕಿಟಕಿಯ ಹೊರಗೆ ನೋಡುತ್ತ ನಿಂತರು. ನಾನು ನನ್ನ ಚೀಲದ ಜಿಪ್ಪನ್ನು ತೆರೆದು ಮುಚ್ಚಿ ಮಾಡುತ್ತಿದ್ದೆ.

ಅಮ್ಮ ಬೇಡ ಎನ್ನಲಿಲ್ಲ. ಡಾಕ್ಟರಿಗೆ ಕೇಳಿಸಬೇಕೆಂದು ಮುಂದಕ್ಕೆ ಬಾಗಿ, ಒಂದೊಂದೇ ಶಬ್ದ ಎತ್ತಿ ಕೇಳಿದಳು.

“ಅದರಲ್ಲಿ ಎಂತ ಹಾಕ್ತಾರೋ, ಮೊದಲು ಬಾಯಿಗೆ ಸ್ವಲ್ಪ ತೋರಿಸಬಹುದಾ? ರುಚಿಗೆ?”

ಡಾಕ್ಟರು ಒಂದು ಲೋಟದಲ್ಲಿ ನೀರು ತರಿಸಿ, ಅವಳು ಗುಟುಕು ನುಂಗುವುದನ್ನು ನೋಡಿದರು. ನೆಟ್ಟಗೆ ಕುಳಿತು, ನುಣ್ಣಗಿರುವುದಾದರೆ, ಒಂದೆರಡು ಚಮಚ ಆಗಬಹುದು ಎಂದರು. ನುಂಗುವುದನ್ನು ಪೂರ್ತಿ ಬಿಡದಿರುವುದೇ ಒಳ್ಳೆಯದು ಎಂದೂ ಹೇಳಿದರು.

“ಅಣ್ಣನಿಗೆ ನಾನು ತೋರಿಸಿರ್ಲಿಲ್ಲ,” ಎಂದಳು ಅಮ್ಮ. ಅದು ಡಾಕ್ಟರಿಗಲ್ಲ. ಅವರಿಗೆ ಅರ್ಥವೂ ಆಗಲಿಲ್ಲ.

ನಳಿಗೆ ಹಾಕುವಾಗ ನನ್ನನ್ನು ಹೊರಗೆ ಕಳಿಸಿದರು. ಒಳಗಿನಿಂದ ಅವಳು ಓಕರಿಸುವುದು ಕೇಳಿಸಿತು, ಮತ್ತೆ ಮತ್ತೆ. ಅಪ್ಪ ಕಾರಿಡಾರಿನ ಕೊನೆಯವರೆಗೆ ಹೋಗಿ ವಾಪಸು ಬಂದರು. ಕರೆದಾಗ ಒಳಗೆ ಹೋದೆ. ಮೂಗಿನಿಂದ ಹೊರಬಂದ ನಳಿಗೆಯನ್ನು ಕೆನ್ನೆಗೆ ಟೇಪಿನಲ್ಲಿ ಅಂಟಿಸಿದ್ದರು. ಅವಳು ನನ್ನನ್ನು ನೋಡಿ ಮುಖ ತಿರುಗಿಸಿಕೊಂಡಳು. ವಾಪಸು ಬರುವಾಗ ದಾರಿಯುದ್ದಕ್ಕೂ ಸೆರಗನ್ನು ಆ ಕೆನ್ನೆಗೆ ಹಿಡಿದುಕೊಂಡಿದ್ದಳು. ಈ ಸಲ ಅಪ್ಪ ಎಲ್ಲಿಯೂ ಚಹಾಕ್ಕೆ ನಿಲ್ಲಿಸಲಿಲ್ಲ.

ಮರುದಿನ ಬೆಳಿಗ್ಗೆ, ಸಿರಿಂಜಿನಲ್ಲಿ ಗಂಜಿ ಇಳಿಸುವ ಹೊತ್ತಿಗೆ ಮೊದಲು, ನಾನು ಕಣಿಯ ಬದಿಗೆ ಹೋದೆ. ಅಪ್ಪ ಕಡಿದುಹಾಕಿದ್ದಲ್ಲಿ ಬುಡದಿಂದ ಕುಡಿಗಳು ಬಂದಿದ್ದವು, ಸುರುಳಿ ಇನ್ನೂ ಬಿಚ್ಚಿರಲಿಲ್ಲ. ಬಚ್ಚಲಿನ ನೀರು ಕುಡಿದವೇ ಸರಿ. ನಾಲ್ಕು ಕೊಯ್ದು ತಂದು ಬಾಡಲು ಇಟ್ಟೆ. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ಕುಳಿತು ನರ ಸುಲಿಯತೊಡಗಿದೆ. ಅಮ್ಮ ಗೋಡೆ ಹಿಡಿದುಕೊಂಡು ಬಂದು ಎದುರಿನ ಕುರ್ಚಿಯಲ್ಲಿ ಕುಳಿತಳು, ಸೆರಗು ಕೆನ್ನೆಯ ಮೇಲೆ ಇರಲಿಲ್ಲ. ನಾನು ಮುಗಿಸಿದೆ ಎಂದುಕೊಂಡು ಬದಿಗಿಟ್ಟ ಎಲೆಯನ್ನು ಎತ್ತಿ, ಬೆಳಕಿಗೆ ಹಿಡಿದು, ಹಿಂದಿನ ಕಿವಿಯ ಕಡೆ ಉಳಿದಿದ್ದ ಒಂದು ನರದ ಮೇಲೆ ಬೆರಳಿಟ್ಟಳು. ನಾನು ಎಲೆಯನ್ನು ವಾಪಸು ತೆಗೆದುಕೊಂಡು ಅದನ್ನೂ ಸುಲಿದೆ. ಮೂರು ಪಾತ್ರೆಯಲ್ಲಿ ನೀರು ತುಂಬಿಸಿ ಸಾಲಾಗಿ ಇಟ್ಟು, ಮೊದಲನೆಯದನ್ನು ಒಲೆಗೆ ಏರಿಸಿದೆ.